ಮುಹೂರ್ತಕ್ಕೆ ಕಡಲು ಕಾಯುವುದಿಲ್ಲ

ಜಮಖಂಡಿಯಿಂದ ಯಾವ ರಸ್ತೆ ಹಿಡಿದು ಹೊರಟರೂ ಸಮುದ್ರ ಕಣ್ಣಿಗೆ ಬೀಳಬೇಕಾದರೆ ಹೆಚ್ಚುಕಡಿಮೆ ಒಂದು ಹಗಲೇ ಬೇಕು. ಬೆಳಗಾವಿಯ ಮೇಲಿಂದ ಚೋರ್ಲಾ ಘಾಟು ಇಳಿದು ಗೋವೆ ಮುಟ್ಟಿದರೆ ೨೫೦ ಕಿಲೋಮೀಟರಿಗೆ ಮಿಗಿಲು. ಹುಬ್ಬಳ್ಳಿ, ಯಲ್ಲಾಪುರದ ಮಾರ್ಗವಾಗಿ ಅಂಕೋಲೆ, ಗೋಕರ್ಣದ ಕಡೆ ಹೋದರೆ ೩೦೦ರ ಆಸುಪಾಸು. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಲೆಕ್ಕವೂ ಇದಕ್ಕಿಂತ ಬಹಳ ಬೇರೆಯಲ್ಲ. ಈ ಸೀಮೆಯವರಿಗೆ ನೀರೆಂದರೆ ಕೃಷ್ಣೆ, ಘಟಪ್ರಭೆ, ಇಲ್ಲವೆ ತೋಟದ ಬಾವಿ. ಸಮುದ್ರವೆಂದರೆ ಶಾಲೆಯ ಪ್ರವಾಸದಲ್ಲಿ ಒಮ್ಮೆ ಕಂಡು, ಅಂಗಿ ತೋಯಿಸಿಕೊಂಡು, ಶಂಖು ಚಿಪ್ಪು ಆರಿಸಿಕೊಂಡು ಬಂದ ಜಾಗ. ಹೀಗಿರುವಾಗ ಪಡಸಾಲೆಗಳಲ್ಲಿ ಇತ್ತೀಚೆಗೆ ಹೊಸದೊಂದು ಮಾತು ಕೇಳಿಬರತೊಡಗಿದೆ. ಬೆಂಗಳೂರಲ್ಲೋ ಪುಣೆಯಲ್ಲೋ ನೌಕರಿಗೆ ಸೇರಿದ ಮಗಳು ಊರಿಗೆ ಬಂದವಳು ಊಟಕ್ಕೆ ಕೂತಾಗ ಮೆಲ್ಲನೆ ತೆಗೆಯುತ್ತಾಳೆ:

"ಅಪ್ಪಾ, ಲಗ್ನಾ ಸಮುದ್ರದ ದಂಡಿಮ್ಯಾಲೆ ಮಾಡೂಣು. ನೂರ ಮಂದಿ ಕರದ್ರ ಸಾಕು."

"ನೂರ ಮಂದಿ? ಬರೇ ನಮ್ಮ ಓಣಿದ ಇನ್ನೂರ ಮಂದಿ ಆಗತೈತೆಲ್ಲ ಯವ್ವಾ!"

ಮುಂದಿನ ಮಾತು ಮನೆಮನೆಗೆ ಬೇರೆ. ಕೆಲವು ಕಡೆ ಅಲ್ಲಿಗೇ ಮುಗಿಯುತ್ತದೆ, ಕೆಲವು ಕಡೆ ಮೂರು ತಿಂಗಳು ಎಳೆಯುತ್ತದೆ.

ಇಂಥ ಮದುವೆಗೆ 'ಡೆಸ್ಟಿನೇಶನ್ ವೆಡ್ಡಿಂಗ್' ಎಂಬ ಹೆಸರು ಬಳಕೆಗೆ ಬಂದಿದೆ. ಹೆಸರು ಹೊಸತಾದರೂ ಊರು ಬಿಟ್ಟು ಹೋಗಿ ಮದುವೆ ಮಾಡುವುದು ನಮ್ಮವರಿಗೆ ಹೊಸತಲ್ಲ. ಹರಕೆ ಹೊತ್ತವರು ಮನೆದೇವರ ಗುಡಿಯ ಮುಂದೆ ಮಕ್ಕಳ ಮದುವೆ ಮಾಡಿಕೊಂಡು ಬಂದಿದ್ದಾರೆ. ಧರ್ಮಸ್ಥಳದಲ್ಲಿ ೧೯೭೨ರಲ್ಲಿ ಸಾಮೂಹಿಕ ವಿವಾಹ ಆರಂಭವಾದ ಮೇಲೆ ನಾಡಿನ ಮೂಲೆ ಮೂಲೆಯ ಬಡ ಕುಟುಂಬಗಳು ಅಲ್ಲಿಗೆ ಹೋಗಿ ಸಾಲವಿಲ್ಲದೆ ಮದುವೆ ಮುಗಿಸಿದವು. ಆಗ ಊರು ಬಿಡುತ್ತಿದ್ದುದು ಭಕ್ತಿಗಾಗಿ ಇಲ್ಲವೆ ಖರ್ಚು ತಗ್ಗಲೆಂದು. ಈಗ ಬಿಡುವುದು ಜಾಗದ ಚೆಲುವಿಗಾಗಿ. ನಡುವೆ ಎರಡು ಸಂಗತಿ ನಡೆದವು. ೨೦೨೦ರಲ್ಲಿ ಕೊರೋನಾ ಬಂದು ಮದುವೆಗೆ ಐವತ್ತೇ ಜನ ಎಂಬ ಕಟ್ಟಳೆಯಾಯಿತು. ಐವತ್ತು ಜನರಲ್ಲೂ ಮದುವೆ ಆಗುತ್ತದೆ, ಯಾರೂ ಬೈಯುವುದಿಲ್ಲ ಎಂಬುದು ಆ ವರ್ಷ ಎಲ್ಲರಿಗೂ ಗೊತ್ತಾಯಿತು. ೨೦೨೩ರ ನವೆಂಬರಿನಲ್ಲಿ ಪ್ರಧಾನಿಯವರು 'ಮನ್ ಕೀ ಬಾತ್' ಭಾಷಣದಲ್ಲಿ, ವಿದೇಶಕ್ಕೆ ಹೋಗಿ ಮದುವೆ ಮಾಡುವ ಶ್ರೀಮಂತರು ನಮ್ಮ ದೇಶದಲ್ಲೇ ಮಾಡಬಾರದೇ ಎಂದು ಕೇಳಿದರು. ಶ್ರೀಮಂತರಿಗೆ ಹೇಳಿದ ಮಾತು ನಡುವಣ ವರ್ಗದವರ ಕಿವಿಗೂ ಬಿತ್ತು.

ಇದು ಸರಿಯೋ ತಪ್ಪೋ ಎಂಬ ವಾದಕ್ಕೆ ಕೊನೆಯಿಲ್ಲ. ಆದರೆ ಮಾಡುವುದೆಂದು ನಿಶ್ಚಯವಾದ ಮೇಲೆ ಅದರ ಯೋಜನೆ ಹೇಗೆ ಎಂಬ ಪ್ರಶ್ನೆಗೆ ಉತ್ತರ ಬೇಕೇ ಬೇಕು. ಅಂಗಳದಲ್ಲಿ ಹಂದರ ಹಾಕುವ ವಿದ್ಯೆ ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕಡಲ ದಂಡೆಯ ಹಂದರ ಮಾತ್ರ ಬೇರೆಯೇ ಲೆಕ್ಕ. ಆ ಲೆಕ್ಕದ ಮೊದಲ ಪುಸ್ತಕ ಎಲ್ಲರ ಮನೆಯ ಗೋಡೆಗೂ ನೇತುಹಾಕಿದ ಪಂಚಾಂಗವೇ ಎಂಬುದು ಬಹಳ ಜನರ ಗಮನಕ್ಕೆ ಬಂದಿಲ್ಲ.

ತಿಥಿಯೊಳಗೆ ಅಡಗಿದ ಉಬ್ಬರ

ತಿಥಿ ಎಂದರೇನು? ಭೂಮಿಯಿಂದ ನೋಡಿದಾಗ ಸೂರ್ಯನಿಗೂ ಚಂದ್ರನಿಗೂ ನಡುವೆ ಇರುವ ಕೋನ. ಚಂದ್ರ ಸೂರ್ಯನಿಂದ ೧೨ ಅಂಶ ಮುಂದೆ ಸರಿದರೆ ಒಂದು ತಿಥಿ. ಅಮಾವಾಸ್ಯೆಯ ಕೊನೆಗೆ ಈ ಕೋನ ಸೊನ್ನೆ, ಹುಣ್ಣಿಮೆಯ ಕೊನೆಗೆ ೧೮೦ ಅಂಶ, ಅಷ್ಟಮಿಯ ನಡುವೆ ಸರಿಯಾಗಿ ೯೦ ಅಂಶ. ಸಮುದ್ರದ ಉಬ್ಬರವಿಳಿತವನ್ನು ನಡೆಸುವುದೂ ಇದೇ ಕೋನ. ಚಂದ್ರನ ಸೆಳೆತ ಭೂಮಿಯ ಈ ಮಗ್ಗುಲಿಗೆ ಹೆಚ್ಚು, ಆ ಮಗ್ಗುಲಿಗೆ ಕಡಿಮೆ. ಈ ವ್ಯತ್ಯಾಸದಿಂದ ಕಡಲ ನೀರು ಎರಡು ಕಡೆ ಉಬ್ಬುತ್ತದೆ. ಸೂರ್ಯನೂ ಹೀಗೆಯೇ ನೀರನ್ನು ಉಬ್ಬಿಸುತ್ತಾನೆ. ಚಂದ್ರನ ಕೆಲಸ ನೂರು ಎಂದಾದರೆ ಸೂರ್ಯನದು ಸುಮಾರು ೪೬. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಇಬ್ಬರೂ ಒಂದೇ ಗೆರೆಯಲ್ಲಿ ನಿಂತು ಎಳೆಯುವುದರಿಂದ ೧೪೬ರ ಬಲ. ಅಷ್ಟಮಿಯಲ್ಲಿ ಒಬ್ಬರಿಗೊಬ್ಬರು ಅಡ್ಡವಾಗಿ ಎಳೆಯುವುದರಿಂದ ೫೪ರ ಬಲ. ಅಂದರೆ ಅಷ್ಟಮಿಯ ಉಬ್ಬರಕ್ಕಿಂತ ಹುಣ್ಣಿಮೆಯ ಉಬ್ಬರ ಲೆಕ್ಕದ ಪ್ರಕಾರ ಎರಡೂವರೆ ಪಟ್ಟಿಗೂ ಹೆಚ್ಚು. ನಿಜವಾದ ಸಮುದ್ರದಲ್ಲಿ ಇದು ಒಂದೆರಡು ದಿನ ತಡವಾಗಿ ಕಾಣಿಸುತ್ತದೆ, ತೀರದ ಆಕಾರಕ್ಕೆ ತಕ್ಕಂತೆ ಹೆಚ್ಚುಕಡಿಮೆಯೂ ಆಗುತ್ತದೆ.

ಗುಜರಾತಿನ ಖಂಬಾತ್ ಕೊಲ್ಲಿಯಲ್ಲಿ ನೀರು ಹತ್ತು ಮೀಟರಿನವರೆಗೂ ಏರಿ ಇಳಿಯುವುದುಂಟು. ನಮ್ಮ ಕಾರವಾರದ ಕರಾವಳಿಯಲ್ಲಿ ಅಷ್ಟು ಅಬ್ಬರವಿಲ್ಲ. ದೊಡ್ಡ ಉಬ್ಬರದ ದಿನವೂ ಸುಮಾರು ಎರಡು ಮೀಟರಿನೊಳಗೇ. ಇಷ್ಟೇ ತಾನೆ ಎಂದು ಸುಮ್ಮನಾಗುವಂತಿಲ್ಲ. ಮರಳ ದಂಡೆ ನೆಟ್ಟಗೆ ನಿಂತ ಗೋಡೆಯಲ್ಲ, ಇಳಿಜಾರು. ನಲವತ್ತು ಮೀಟರು ನಡೆದರೆ ಒಂದು ಮೀಟರು ಇಳಿಯುವ ದಂಡೆಯೆಂದು ಹಿಡಿಯೋಣ. ನೀರು ಒಂದೂವರೆ ಮೀಟರು ಏರಿದರೆ ದಂಡೆಯ ಮೇಲೆ ಅದು ಮುಂದೆ ಬರುವುದು ೬೦ ಮೀಟರು. ಬೆಳಿಗ್ಗೆ ಎಂಟಕ್ಕೆ ನೀರಿನಿಂದ ಐವತ್ತು ಮೀಟರು ದೂರ, ಒಣ ಮರಳಿನ ಮೇಲೆ ಕುರ್ಚಿ ಜೋಡಿಸಿದವರು ಮಧ್ಯಾಹ್ನ ಎರಡಕ್ಕೆ ಕುರ್ಚಿಗಳನ್ನು ನೀರಿನಿಂದ ಎತ್ತಬೇಕಾಗುತ್ತದೆ. ಹತ್ತನೆಯ ತರಗತಿಯ ಹುಡುಗ ಎರಡು ನಿಮಿಷದಲ್ಲಿ ಮಾಡಬಹುದಾದ ಈ ಲೆಕ್ಕವನ್ನು ಯಾರೂ ಮಾಡದಿದ್ದರೆ ಅಲಂಕಾರವೆಲ್ಲ ತೊಯ್ಯುತ್ತದೆ.

ಇನ್ನು ಹೊತ್ತಿನ ಲೆಕ್ಕ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಚಂದ್ರ ದಿನಕ್ಕೆ ಸುಮಾರು ೫೦ ನಿಮಿಷ ತಡವಾಗಿ ನೆತ್ತಿಗೆ ಬರುವುದರಿಂದ ಉಬ್ಬರವೂ ದಿನಕ್ಕೆ ೫೦ ನಿಮಿಷ ಹಿಂದೆ ಬೀಳುತ್ತದೆ. ಈ ವಾರ ನಡು ಮಧ್ಯಾಹ್ನಕ್ಕೆ ಉಬ್ಬರವಿದ್ದರೆ ಮುಂದಿನ ವಾರ ಅದೇ ಹೊತ್ತಿಗೆ ಇಳಿತ. ಗಡಿಯಾರದ ೧೨.೩೦ ಬದಲಾಗಿಲ್ಲ, ನೀರು ನಿಂತ ಜಾಗ ಮಾತ್ರ ಬದಲಾಗಿದೆ. ಆದರೆ ಒಂದೇ ತೀರದಲ್ಲಿ ಒಂದೇ ತಿಥಿಗೆ ಉಬ್ಬರ ಬರುವ ಹೊತ್ತು ಹೆಚ್ಚುಕಡಿಮೆ ಒಂದೇ. ಮೀನುಗಾರರು ಗಡಿಯಾರಕ್ಕಿಂತ ತಿಥಿಯನ್ನು ನಂಬುವುದು ಇದಕ್ಕೇ.

ಇದರಿಂದ ಒಂದು ಸುಲಭ ಉಪಾಯ ಸಿಗುತ್ತದೆ. ಮುಹೂರ್ತ ಮಾಘ ಶುದ್ಧ ತ್ರಯೋದಶಿ, ಮಧ್ಯಾಹ್ನ ೧೨.೩೦ ಎಂದು ಗೊತ್ತಾಯಿತೆನ್ನಿ. ಜಾಗ ನೋಡಲು ಹೋಗುವವರು ಬಿಡುವಿದ್ದ ಭಾನುವಾರ ಹೋಗದೆ ಪುಷ್ಯ ಶುದ್ಧ ತ್ರಯೋದಶಿಯಂದೇ ಹೋಗಿ, ೧೨.೩೦ಕ್ಕೆ ಸರಿಯಾಗಿ ದಂಡೆಯ ಮೇಲೆ ನಿಲ್ಲಬೇಕು. ನೀರು ಎಲ್ಲಿದೆಯೋ ಮದುವೆಯ ದಿನವೂ ಹೆಚ್ಚುಕಡಿಮೆ ಅಲ್ಲಿಯೇ ಇರುತ್ತದೆ. ಅಲ್ಲಿಂದ ಮುಂದಿನ ಉಬ್ಬರದವರೆಗೂ ಕೂತು, ನೀರು ಮುಟ್ಟಿದ ಕೊನೆಯ ಗೆರೆ ಗುರುತಿಸಿಕೊಂಡು, ಅದಕ್ಕಿಂತ ಸಾಕಷ್ಟು ಮೇಲೆ ಹಂದರದ ಜಾಗ ನಿಶ್ಚಯಿಸಬೇಕು. ಕಡ್ಡಿ, ಹುಲ್ಲು, ಚಿಪ್ಪುಗಳು ಸಾಲಾಗಿ ಬಿದ್ದ ಗೆರೆಯೇ ಆ ಗುರುತು. ನಿಖರ ಹೊತ್ತು ಬೇಕಾದವರಿಗೆ ಭಾರತೀಯ ಸರ್ವೇಕ್ಷಣ ಇಲಾಖೆ ವರ್ಷ ವರ್ಷ ಹೊರತರುವ ಉಬ್ಬರವಿಳಿತದ ಕೋಷ್ಟಕಗಳಿವೆ.

ಒಂದು ತಮಾಷೆಯೂ ಇದೆ. ನೀರು ಕಡಿಮೆ ಏರುವ ಅಷ್ಟಮಿ-ನವಮಿಗಳನ್ನು ನಮ್ಮವರು ಶುಭಕಾರ್ಯಕ್ಕೆ ಒಲ್ಲೆನ್ನುತ್ತಾರೆ. ಬೆಳದಿಂಗಳಿರಲೆಂದು ಹುಣ್ಣಿಮೆಯ ಹತ್ತಿರದ ದಿನ ಹುಡುಕುತ್ತಾರೆ, ಅಂದೇ ನೀರು ಹೆಚ್ಚು ಏರುತ್ತದೆ. ಇನ್ನೊಂದು ಮಾತು: ಉಬ್ಬರವೇ ಬೇರೆ, ಅಲೆಯೇ ಬೇರೆ. ಅಲೆ ಎಬ್ಬಿಸುವುದು ಗಾಳಿ. ಅಷ್ಟಮಿಯ ದಿನವೂ ಅಲೆ ಆಳೆತ್ತರ ಏಳಬಹುದು.

ಎರೆಮಣ್ಣಿನ ಗೂಟ, ಮರಳಿನ ಗೂಟ

ಗಾಳಿಯ ಮಾತು ಬಂದದ್ದರಿಂದ ಹಂದರದ ವಿಚಾರಕ್ಕೆ ಬರೋಣ. ಎರೆಮಣ್ಣಿನಲ್ಲಿ ಒಂದು ಮೊಳ ಅಗೆದು ಗಳ ನೆಟ್ಟರೆ ಅದು ಅಲುಗುವುದಿಲ್ಲ. ಮಣ್ಣಿನ ಕಣಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಒಣ ಮರಳಿಗೆ ಆ ಗುಣವಿಲ್ಲ. ಗಾಳಿ ಬೀಸಿದಾಗ ಶಾಮಿಯಾನದ ಮೇಲೆ ವೇಗ ಹೆಚ್ಚಿ ಒತ್ತಡ ತಗ್ಗುತ್ತದೆ, ಬಟ್ಟೆ ಮೇಲಕ್ಕೆ ಸೆಳೆಯುತ್ತದೆ, ಗೂಟ ಹಲ್ಲು ಕಿತ್ತಂತೆ ಕಿತ್ತು ಬರುತ್ತದೆ. ಆದ್ದರಿಂದ ದಂಡೆಯ ಮೇಲೆ ಮರಳು ತುಂಬಿದ ಚೀಲಗಳನ್ನು ಆಳಕ್ಕೆ ಹೂತು ಅವಕ್ಕೆ ಹಗ್ಗ ಕಟ್ಟಬೇಕು. ಮೇಲೆ ಬಟ್ಟೆಯೇ ಇಲ್ಲದ ಬರಿ ಕಮಾನಾದರೆ ಇನ್ನೂ ಲೇಸು. ಬಿಸಿಲಿಗೆ ಏನು ಮಾಡುವುದೆಂಬುದು ಆಗಿನ ಚಿಂತೆ.

ಕಡಲ ಗಾಳಿಗೂ ಒಂದು ದಿನಚರಿ ಇದೆ. ಹೊತ್ತೇರಿದಂತೆ ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ. ನೆಲದ ಮೇಲಿನ ಬಿಸಿ ಗಾಳಿ ಮೇಲೇರಿ, ಅದರ ಜಾಗಕ್ಕೆ ಕಡಲಿನಿಂದ ತಂಪು ಗಾಳಿ ನುಗ್ಗುತ್ತದೆ. ಮಧ್ಯಾಹ್ನದ ನಂತರ ಇದರ ಜೋರು ಹೆಚ್ಚು. ಸಂಜೆ ಹೊತ್ತು ಮುಳುಗಿದ ಮೇಲೆ ಸಡಿಲುತ್ತದೆ. ರಾತ್ರಿ ನೆಲದಿಂದ ಕಡಲಿಗೆ ಬೀಸತೊಡಗುತ್ತದೆ. ಮಧ್ಯಾಹ್ನ ಎರಡಕ್ಕೆ ಹಾಕಿದ ಅಕ್ಕಿಕಾಳು ಮದುಮಕ್ಕಳ ತಲೆಗೆ ಬೀಳದೆ ಹಿಂದಿನ ಸಾಲಿನವರ ಕಣ್ಣಿಗೆ ಬಿದ್ದರೆ ಆಶ್ಚರ್ಯವಿಲ್ಲ. ದೀಪವಂತೂ ನಿಲ್ಲುವುದಿಲ್ಲ. ಗಾಳಿಯ ದೃಷ್ಟಿಯಿಂದ ನೋಡಿದರೆ ಹಿರಿಯರು ಹೇಳಿದ ಗೋಧೂಳಿ ಲಗ್ನವೇ ಕಡಲ ದಂಡೆಗೆ ಹೊಂದುತ್ತದೆ. ಗೋಕರ್ಣದ ದಂಡೆಯಲ್ಲಿ ಗೋವುಗಳಿಗೇನೂ ಕೊರತೆಯಿಲ್ಲ, ಧೂಳಿಗೆ ಮಾತ್ರ ಕೊರತೆ. ಗೋಧೂಳಿಯಲ್ಲೂ ಒಂದು ತೊಡಕುಂಟು. ಮದುಮಕ್ಕಳು ಪೂರ್ವಕ್ಕೆ ಮುಖ ಮಾಡಿ ಕೂಡುವುದು ರೂಢಿ. ನಮ್ಮ ಕಡಲಿರುವುದು ಪಶ್ಚಿಮಕ್ಕೆ. ಅವರಿಗೆದುರಾಗಿ ಕೂತ ಬೀಗರ ಕಣ್ಣಿಗೆಲ್ಲ ಮುಳುಗುವ ಸೂರ್ಯ ನೇರವಾಗಿ ಹೊಡೆಯುತ್ತಾನೆ, ಫೋಟೋದಲ್ಲಿ ಮದುಮಕ್ಕಳ ಮುಖ ಕಪ್ಪಾಗುತ್ತದೆ. ಆಸನಗಳನ್ನು ಸ್ವಲ್ಪ ಓರೆಯಾಗಿಟ್ಟರೆ ಇದು ತಪ್ಪೀತು.

ಸೆಕೆಯ ವಿಚಾರವನ್ನು ಜಮಖಂಡಿಯವರಿಗೆ ಹೇಳುವುದು ಸೋಜಿಗವೆನಿಸಬಹುದು. ಇಲ್ಲಿ ಬೇಸಿಗೆಯಲ್ಲಿ ೪೦ ಡಿಗ್ರಿ ದಾಟುತ್ತದೆ, ಅಲ್ಲಿ ೩೩-೩೪. ಆದರೂ ಅಲ್ಲಿಯ ೩೩ ಇಲ್ಲಿಯ ೪೦ಕ್ಕಿಂತ ಹೆಚ್ಚು ಕಾಡುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಂಪಾಗುವುದು ಅದರ ಮೈಯಿಂದ ಹೊರಬಂದ ತೇವ ಆವಿಯಾಗಿ ಹೋಗುವುದರಿಂದ. ಇಲ್ಲಿ ಒಣ ಗಾಳಿಯಲ್ಲಿ ಗಡಿಗೆ ಚೆನ್ನಾಗಿ ತಂಪಾಗುತ್ತದೆ. ಕರಾವಳಿಯಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ಅಷ್ಟು ತಂಪಾಗುವುದಿಲ್ಲ. ಮನುಷ್ಯನ ಮೈಯೂ ಒಂದು ಗಡಿಗೆಯೇ. ಬೆವರು ಸುರಿಯುತ್ತದೆ, ಆರುವುದಿಲ್ಲ. ರೇಷ್ಮೆ ಸೀರೆ, ಮೇಲೆ ಶಾಲು, ಕೊರಳಲ್ಲಿ ಮಾಲೆ, ತಲೆಗೆ ರುಮಾಲು ಸುತ್ತಿಕೊಂಡು ಎರಡು ತಾಸು ಕೂತ ಮುದುಕರು ತಲೆಸುತ್ತಿ ಬಿದ್ದರೆ ದೇವರ ಮೇಲೆ ತಪ್ಪು ಹೊರಿಸುವಂತಿಲ್ಲ. ಹತ್ತಿ ಒಡಲಿನ ಇಳಕಲ್ ಸೀರೆ ಇಂಥಲ್ಲಿ ಅಪ್ಪಟ ರೇಷ್ಮೆಗಿಂತ ಹಿತ. ಅದನ್ನು ನೇಯುವ ಮಗ್ಗಗಳು ರಬಕವಿ-ಬನಹಟ್ಟಿಯಲ್ಲೇ ಇರುವಾಗ ಜವಳಿಗೆ ದೂರ ಹೋಗಬೇಕಾಗಿಯೂ ಇಲ್ಲ. ಜರಿ ಮಾತ್ರ ಉಪ್ಪುಗಾಳಿಗೆ ಕಳೆಗುಂದುತ್ತದೆ. ಊರಿಗೆ ಬಂದೊಡನೆ ಒಣಗಾಳಿಯಲ್ಲಿ ಹರವಿ ಇಡಬೇಕು.

ವಾಜಂತ್ರಿಯವರನ್ನೂ ಕರೆದೊಯ್ಯುವ ಆಸೆ ಇರುವವರುಂಟು. ಇದು ಸನಾದಿಯ ಸೀಮೆ. ಬೀಳಗಿಯ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯನ್ನು ಆಧರಿಸಿದ 'ಸನಾದಿ ಅಪ್ಪಣ್ಣ' ಚಿತ್ರ ೧೯೭೭ರಲ್ಲಿ ಬಂದಾಗ ಅದಕ್ಕೆ ಶಹನಾಯಿ ನುಡಿಸಿದವರು ಬಿಸ್ಮಿಲ್ಲಾ ಖಾನ್. ಸನಾದಿಗೆ ಕಡಲ ದಂಡೆ ಅಡ್ಡಿಯಾಗದು. ಕರಡಿ ಮಜಲಿನ ವಾದ್ಯಕ್ಕೆ, ಹಲಗೆಗೆ ಹಾಕಿದ ಚರ್ಮ ಮಾತ್ರ ತೇವಕ್ಕೆ ಸಡಿಲಾಗುತ್ತದೆ. ಅದನ್ನು ಕಾಯಿಸಿಕೊಳ್ಳಲು ಬೆಂಕಿ ಬೇಕು, ಬೆಂಕಿ ಹಾಕಲು ರೆಸಾರ್ಟಿನವರ ಅಪ್ಪಣೆ ಬೇಕು.

ಯಾವ ತಿಂಗಳು?

ತಿಂಗಳ ವಿಚಾರದಲ್ಲಿ ಪಂಚಾಂಗವೂ ಕಡಲೂ ಬಹುಮಟ್ಟಿಗೆ ಒಂದೇ ಮಾತು ಹೇಳುತ್ತವೆ. ಆಷಾಢದಿಂದ ತುಳಸಿ ಲಗ್ನದವರೆಗೆ ನಮ್ಮಲ್ಲಿ ಮದುವೆ ಕಡಿಮೆ. ಆ ಅವಧಿಯ ಬಹುಭಾಗ ಕರಾವಳಿಯಲ್ಲಿ ಮುಂಗಾರು. ಜೂನ್ ೧ರಿಂದ ಜುಲೈ ೩೧ರವರೆಗೆ ಯಾಂತ್ರಿಕ ದೋಣಿಗಳಿಗೂ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಘಾಟಿನ ರಸ್ತೆಗಳಿಗೂ ನಂಬಿಕೆಯಿಲ್ಲ. ಅಂಕೋಲೆಯ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಹಾನಿಯಾದದ್ದು ೨೦೨೪ರ ಜುಲೈ ೧೬ರಂದು. ತುಳಸಿ ಲಗ್ನ ಕಳೆದು ಧನುರ್ಮಾಸ ಹಿಡಿಯುವವರೆಗೆ, ಮತ್ತೆ ಸಂಕ್ರಾಂತಿಯಿಂದ ಫಾಲ್ಗುಣದವರೆಗೆ ಕಡಲು ಸಾಮಾನ್ಯವಾಗಿ ಶಾಂತ, ಹವೆಯೂ ಹಿತ.

ತೊಡಕಿರುವುದು ಅಲ್ಲೇ. ಫೆಬ್ರುವರಿ, ಮಾರ್ಚ್ ಎಂದರೆ ಪರೀಕ್ಷೆಯ ಕಾಲ. ಅಕ್ಕನ ಮದುವೆ, ತಮ್ಮ ಎಸ್ಸೆಸ್ಸೆಲ್ಸಿ. ಊರಲ್ಲಾದರೆ ಅಕ್ಕಿಕಾಳು ಹಾಕಿ ಉಂಡು ಓದಲು ಕೂಡಬಹುದು. ಕಡಲಿಗೆ ಹೋದರೆ ಹೋಗಿ ಬರುವುದಕ್ಕೇ ನಾಲ್ಕು ದಿನ, ದಣಿವಾರಲು ಎರಡು ದಿನ. ಹಾಗೆಂದು ಏಪ್ರಿಲ್, ಮೇ ತಿಂಗಳಿಗೆ ನೂಕಿದರೆ ಬೇರೆ ಅಪಾಯ. ಆ ತಿಂಗಳುಗಳಲ್ಲಿ ದೂರದ ದಕ್ಷಿಣ ಸಾಗರದ ಬಿರುಗಾಳಿ ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರು ಸಾಗಿ ಬಂದು, ಇಲ್ಲಿ ಗಾಳಿ ಇಲ್ಲದಿದ್ದರೂ ದಂಡೆಗೆ ನುಗ್ಗುತ್ತವೆ. ಮಲೆಯಾಳಿಗಳು ಇದನ್ನು 'ಕಳ್ಳಕ್ಕಡಲ್' ಎನ್ನುತ್ತಾರೆ. ಕಳ್ಳನಂತೆ ಬರುವ ಕಡಲು ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೈದರಾಬಾದಿನಲ್ಲಿರುವ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ, ಇನ್‌ಕಾಯಿಸ್, ಇಂಥ ಅಲೆಗಳ ಮುನ್ಸೂಚನೆ ಕೊಡುತ್ತದೆ. ಮೇ ತಿಂಗಳು ಚಂಡಮಾರುತದ ತಿಂಗಳೂ ಹೌದು. ೨೦೨೧ರ ಮೇ ನಡುವಿನಲ್ಲಿ 'ತೌಕ್ತೆ' ನಮ್ಮ ಕರಾವಳಿಯನ್ನು ಹೇಗೆ ಜಾಲಾಡಿತೆಂಬುದು ನೆನಪಿರಬೇಕು. ಪರೀಕ್ಷೆಗೆ ಕೂತ ಮಕ್ಕಳಿರುವ ಮನೆಯವರಿಗೆ ತುಳಸಿ ಲಗ್ನದ ಬೆನ್ನಿಗೆ ಬರುವ ಮೂರು ನಾಲ್ಕು ವಾರಗಳೇ ಒಳಿತು. ಆ ಹೊತ್ತಿಗೆ ಕಬ್ಬು ಕಡಿಯುವ ಹಂಗಾಮು ಹಿಡಿದಿರುತ್ತದೆ ಎಂಬುದು ಬೇರೆ ಮಾತು.

ದಂಡೆ ಯಾರದು?

ರೆಸಾರ್ಟಿನವರು ಚಿತ್ರದಲ್ಲಿ ತೋರಿಸುವ ದಂಡೆ ರೆಸಾರ್ಟಿನದಲ್ಲ, ಎಲ್ಲರದು. ೧೯೯೧ರಲ್ಲಿ ಮೊದಲು ಬಂದು, ೨೦೧೧ ಮತ್ತು ೨೦೧೯ರಲ್ಲಿ ಹೊಸದಾಗಿ ಹೊರಟ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಉಬ್ಬರದ ಗೆರೆಯಿಂದ ೫೦೦ ಮೀಟರಿನವರೆಗೆ ಏನು ಕಟ್ಟಬಹುದು, ಏನು ಕಟ್ಟಬಾರದು ಎಂದು ಹೇಳುತ್ತದೆ. ದಂಡೆಯ ಮೇಲೆ ವೇದಿಕೆ ಹಾಕಲು ಯಾರ ಅಪ್ಪಣೆ ಪಡೆದಿದ್ದೀರಿ ಎಂದು ಕೇಳಿ, ಕಾಗದ ನೋಡಿಯೇ ಮುಂಗಡ ಕೊಡಬೇಕು. ಧ್ವನಿವರ್ಧಕಕ್ಕೆ ೨೦೦೦ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ನಿಷೇಧವಿದೆ. ಚಳಿಗಾಲದ ತಿಂಗಳುಗಳಲ್ಲಿ ಹೊನ್ನಾವರ, ಕಾರವಾರದ ದಂಡೆಗಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮರಿಗಳು ಮರಳಿನಿಂದ ಹೊರಬಿದ್ದೊಡನೆ ಬೆಳಕು ಹೆಚ್ಚಿರುವ ದಿಕ್ಕಿಗೆ ಹರಿದು ಹೋಗುತ್ತವೆ. ಕತ್ತಲ ರಾತ್ರಿಯಲ್ಲಿ ಆ ದಿಕ್ಕು ಕಡಲು. ಮದುವೆಯ ದೀಪಗಳಿದ್ದರೆ ಊಟದ ಪಂಕ್ತಿ. ೨೦೨೦ರಲ್ಲಿ ಹೊನ್ನಾವರದ ಕಾಸರಕೋಡು ಮತ್ತು ಉಡುಪಿಯ ಪಡುಬಿದ್ರಿ ದಂಡೆಗಳಿಗೆ ಸ್ವಚ್ಛತೆ, ಸುರಕ್ಷತೆಗಾಗಿ 'ಬ್ಲೂ ಫ್ಲ್ಯಾಗ್' ಮನ್ನಣೆ ಬಂತು. ಇಂಥಲ್ಲಿ ಪ್ಲಾಸ್ಟಿಕ್ ಲೋಟ ಬಿಸಾಡಿ ಬರುವುದು ನಮ್ಮ ಊರಿನ ಹೆಸರಿಗೇ ಕೇಡು.

ಗೋವೆಯಲ್ಲಿ ಮದುವೆಯ ನೋಂದಣಿಗೆ ಪೋರ್ಚುಗೀಸರ ಕಾಲದಿಂದ ಬಂದ ಪ್ರತ್ಯೇಕ ನಾಗರಿಕ ಸಂಹಿತೆ ಇದೆ. ಅಲ್ಲಿ ಮಾಡುವವರು ನೋಂದಣಿ ಎಲ್ಲಿ ಎಂಬುದನ್ನು ವಕೀಲರಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಮೇಲು.

ಎಷ್ಟು ಟನ್ ಕಬ್ಬು?

ರೂಪಾಯಿ ಲೆಕ್ಕಕ್ಕಿಂತ ಕಬ್ಬಿನ ಲೆಕ್ಕ ಈ ಸೀಮೆಗೆ ಬೇಗ ತಿಳಿಯುತ್ತದೆ. ಐವತ್ತು ಕೋಣೆ, ಎರಡು ರಾತ್ರಿ, ಕೋಣೆಗೆ ದಿನಕ್ಕೆ ೬,೦೦೦ ರೂಪಾಯಿ ಎಂದು ಹಿಡಿಯೋಣ. ವಸತಿಗೇ ಆರು ಲಕ್ಷ. ಟನ್ನಿಗೆ ೩,೦೦೦ ರೂಪಾಯಿಯಂತೆ ಇದು ೨೦೦ ಟನ್ ಕಬ್ಬು. ಎಕರೆಗೆ ೪೦ ಟನ್ ಇಳುವರಿಯಾದರೆ ಐದು ಎಕರೆಯ ಒಂದು ವರ್ಷದ ಬೆಳೆ, ಬೀಜ, ಗೊಬ್ಬರ, ಆಳಿನ ಖರ್ಚು ಕಳೆಯುವ ಮೊದಲು. ಊಟ, ಅಲಂಕಾರ, ಬಸ್ಸು, ತೆರಿಗೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ೧೯೬೬ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕಳಿಸಿದ ೧೪ ದಿನಗಳೊಳಗೆ ಹಣ ಕೊಡಬೇಕು. ಬಿಲ್ಲು ಕೈಗೆ ಬರುವುದು ಯಾವಾಗ ಎಂಬುದನ್ನು ಬೆಳೆಗಾರನೇ ಬಲ್ಲ. ರೆಸಾರ್ಟಿನವರು ಮಾತ್ರ ತಿಂಗಳುಗಳ ಮೊದಲೇ ಮುಂಗಡ ಕೇಳುತ್ತಾರೆ. ನಡುವಿನ ಅಂತರವನ್ನು ತುಂಬುವುದು ಬಡ್ಡಿ ಸಾಲ.

ಊರ ಮದುವೆ ಅಗ್ಗವೆಂದೇನಲ್ಲ. ೧,೫೦೦ ಎಲೆ, ಎಲೆಗೆ ೨೦೦ ರೂಪಾಯಿ ಎಂದರೂ ಊಟಕ್ಕೇ ಮೂರು ಲಕ್ಷ. ನೂರು ಜನರ ಮದುವೆ ಆ ಲೆಕ್ಕದಲ್ಲಿ ಉಳಿತಾಯವಾಗಬೇಕು, ನಿಜ. ಆದರೆ ಹಾಗಾಗುವುದು ಕಡಿಮೆ. ಕಡಲ ದಂಡೆಯಲ್ಲಿ ಅಕ್ಕಿಕಾಳು ಮುಗಿಸಿ ಬಂದ ಮೇಲೆ "ಊರವರಿಗೆ ಒಂದ್ ಊಟಾ ಹಾಕಲಿಕ್ಕರ ಬೇಕಲ್ಲಾ" ಎಂದು ಮತ್ತೊಂದು ಹಂದರ ಏಳುತ್ತದೆ. ಒಂದು ಮದುವೆಗೆ ಎರಡು ಮದುವೆಯ ಖರ್ಚು. ಇದನ್ನು ಮೊದಲೇ ಕಾಗದದ ಮೇಲೆ ಬರೆದು ಕೂಡಿಸಿ ನೋಡಬೇಕು, ಮಕ್ಕಳನ್ನೂ ಕೂಡಿಸಿಕೊಂಡು. ಅಕ್ಕನ ಮದುವೆಯ ಎರಡನೆಯ ಹಂದರ ತಮ್ಮನ ಕಾಲೇಜಿನ ಎಷ್ಟು ವರ್ಷದ ಫೀ ಎಂಬುದು ಮದುಮಗಳಿಗೇ ಗೊತ್ತಾದರೆ ಆಕೆಯೇ ಒಂದಿಷ್ಟು ಕತ್ತರಿಸುತ್ತಾಳೆ. ತಂದೆತಾಯಿ ಬಚ್ಚಿಟ್ಟು ಸಾಲ ಮಾಡುವುದರಿಂದ ಯಾರಿಗೂ ಉಪಕಾರವಿಲ್ಲ.

ಕರಾರಿನ ವಿಚಾರ ಚಿಕ್ಕದು: ಮಳೆ ಬಂದರೆ ಒಳಗಿನ ಜಾಗ ಯಾವುದು, ಮದುವೆ ಮುಂದಕ್ಕೆ ಹೋದರೆ ಮುಂಗಡದ ಗತಿ ಏನು, ನಮ್ಮ ಅಡುಗೆಯವರನ್ನು ಒಳಗೆ ಬಿಡುತ್ತಾರೋ ಇಲ್ಲವೋ. ಮೂರೂ ಬರವಣಿಗೆಯಲ್ಲಿರಬೇಕು. ಕೊನೆಯದನ್ನು ಸಣ್ಣದೆಂದು ತಿಳಿಯಬಾರದು. ಮಾದಲಿ, ಗೋಧಿ ಹುಗ್ಗಿ, ಎಣ್ಣೆಗಾಯಿ ಇಲ್ಲದ ಪಂಕ್ತಿಯಿಂದ ಎದ್ದ ಬೀಗರು ಕಡಲನ್ನು ಮರೆಯುತ್ತಾರೆ, ಊಟವನ್ನು ಮರೆಯುವುದಿಲ್ಲ.

ಬಸ್ಸಿನಲ್ಲಿ ಜಾಗ ಇಲ್ಲದವರು

ನೂರು ಹೆಸರಿನ ಪಟ್ಟಿ ಬರೆಯಲು ಕೂತಾಗಲೇ ನಿಜವಾದ ಕಷ್ಟ ಗೊತ್ತಾಗುವುದು. ಎರಡೂ ಕಡೆಯವರದು ಸೇರಿ ನೂರು; ಅಂದರೆ ಒಂದು ಕಡೆಗೆ ಐವತ್ತು. ಸೋದರಮಾವಂದಿರು, ಅತ್ತೆಯಂದಿರು, ಅವರ ಮಕ್ಕಳು ಎನ್ನುವಷ್ಟರಲ್ಲಿ ಮುಗಿಯಿತು. ಮದುಮಗಳನ್ನು ಎತ್ತಿ ಆಡಿಸಿದ ನೆರೆಮನೆಯ ಕಾಕಿ ಪಟ್ಟಿಯ ಹೊರಗೆ. ಘಾಟಿನ ತಿರುವಿನಲ್ಲಿ ವಾಂತಿಯಾಗುವ, ಮೊಣಕಾಲು ನೋವಿನ ಅಜ್ಜಿಗೆ "ನೀ ಮನ್ಯಾಗ ಇರಬೇ, ಫೋನಿನ್ಯಾಗ ತೋರಸ್ತೇವಿ" ಎಂಬ ಸಮಾಧಾನ. ನಮ್ಮ ಮದುವೆಯಲ್ಲಿ ಅಜ್ಜಿ ಬರಿ ನೋಡುವವಳಲ್ಲ. ಅರಿಷಿಣ ಯಾರು ಮೊದಲು ಹಚ್ಚಬೇಕು, ಸುರಿಗಿಯ ನೂಲು ಎಷ್ಟು ಸುತ್ತು, ಯಾವ ಹಾಡು ಯಾವಾಗ ಎಂಬುದೆಲ್ಲ ಆಕೆಯ ಬಾಯಲ್ಲಿದೆ. ಐರಾಣಿ ಗಡಿಗೆ ಕುಂಬಾರರ ಮನೆಯಿಂದ, ಬಾಸಿಂಗ ಹೂಗಾರರ ಮನೆಯಿಂದ, ಬಳೆ ಬಳೆಗಾರರಿಂದ ಬರಬೇಕು. ಅವರಿಗೆ ಅದು ವರ್ಷದ ಗಳಿಕೆಯ ಒಂದು ಪಾಲು, ಮರ್ಯಾದೆಯ ವಿಷಯವೂ ಹೌದು. ಆಯೇರಿಯ ವಹಿಯೂ ಇದೆ. ಇಪ್ಪತ್ತು ವರ್ಷ ಎಲ್ಲರ ಮನೆಯ ಮದುವೆಗೆ ಮುಯ್ಯಿ ಮಾಡಿಕೊಂಡು ಬಂದ ತಂದೆ ತನ್ನ ಮನೆಯ ಮದುವೆಯಲ್ಲಿ ಅವರನ್ನು ಕರೆಯದಿದ್ದರೆ ಆ ವಹಿ ಅರ್ಧಕ್ಕೇ ನಿಲ್ಲುತ್ತದೆ.

ಇದನ್ನು ತಿಳಿದ ಕುಟುಂಬಗಳಿಗೆ ಒಂದು ನಡುದಾರಿಯುಂಟು. ಹಂದರ, ಹಾಲಗಂಬ, ಅರಿಷಿಣ, ಅಕ್ಕಿಕಾಳು ಎಲ್ಲ ಊರಲ್ಲಿ. ಆಮೇಲೆ ಮದುಮಕ್ಕಳು ತಮ್ಮ ಗೆಳೆಯರೊಂದಿಗೆ, ತಮ್ಮ ದುಡಿಮೆಯ ಹಣದಲ್ಲಿ ಕಡಲಿಗೆ. ಫೋಟೋ ಅಷ್ಟೇ ಚೆನ್ನಾಗಿ ಬರುತ್ತದೆ. ಇದೇ ಹೆಚ್ಚು ಜಾಣತನದ್ದು ಎನ್ನಬೇಕು.

ಮಕ್ಕಳು ಮತ್ತು ಅಲೆ

ಆದರೂ ಬೀಗರ ಬಸ್ಸು ಕಡಲಿಗೆ ಹೊರಟಿತೆನ್ನಿ. ಬಸ್ಸು ನಿಲ್ಲುವುದೇ ತಡ, ಮಕ್ಕಳು ನೀರಿಗೆ ಓಡುತ್ತಾರೆ. ಹಿರಿಯರು ವರಪೂಜೆಯ ಗಡಿಬಿಡಿಯಲ್ಲಿರುತ್ತಾರೆ. ೨೦೨೪ರ ಡಿಸೆಂಬರ್ ೧೦ರಂದು ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ಕಡೆಯ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾದರು. ಅವರೂ ನಮ್ಮ ಮಕ್ಕಳಂತೆ ಒಳನಾಡಿನವರೇ.

ಬಾವಿಯಲ್ಲಿ, ಕೃಷ್ಣೆಯಲ್ಲಿ ಈಜು ಕಲಿತ ಹುಡುಗರಿಗೆ ಧೈರ್ಯ ಹೆಚ್ಚು. ಬಾವಿಯ ನೀರು ನಿಂತ ನೀರು, ನದಿಯ ನೀರು ಒಂದೇ ದಿಕ್ಕಿಗೆ ಹರಿಯುವ ನೀರು. ಕಡಲಲ್ಲಿ ಅಲೆಗಳು ದಂಡೆಗೆ ತಂದು ಸುರಿದ ನೀರು ಎಲ್ಲಿಂದಾದರೂ ಮರಳಿ ಹೋಗಬೇಕಲ್ಲ? ಮರಳ ದಿಬ್ಬಗಳ ನಡುವಿನ ಕಿರಿದಾದ ಓಣಿಯಲ್ಲಿ ಅದು ಜೋರಾಗಿ ಒಳಕ್ಕೆ ಹರಿಯುತ್ತದೆ. ಇದೇ ರಿಪ್ ಕರೆಂಟ್. ಮೋಸವೆಂದರೆ, ಎರಡೂ ಪಕ್ಕ ಅಲೆ ಒಡೆದು ನೊರೆಯೇಳುವಾಗ ಈ ಓಣಿಯಲ್ಲಿ ನೀರು ನೊರೆಯಿಲ್ಲದೆ, ತುಸು ಕಪ್ಪಾಗಿ, ಶಾಂತವಾಗಿ ಕಾಣುತ್ತದೆ. ಈಜಲು ಇದೇ ಒಳ್ಳೆಯ ಜಾಗವೆಂದು ಹುಡುಗರು ಅಲ್ಲಿಗೇ ಇಳಿಯುತ್ತಾರೆ. ಅದರ ಸೆಳೆತಕ್ಕೆ ಎದುರಾಗಿ ಎಂಥ ಈಜುಗಾರನೂ ಬಹಳ ಹೊತ್ತು ಈಜಲಾರ, ಸೋತು ಮುಳುಗುತ್ತಾನೆ. ಸಿಕ್ಕಿಕೊಂಡವನು ಗಾಬರಿಯಾಗದೆ, ದಂಡೆಯ ಕಡೆ ಈಜದೆ, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ಓಣಿ ಅಗಲವಾಗಿರುವುದಿಲ್ಲ, ಸ್ವಲ್ಪದರಲ್ಲೇ ಸೆಳೆತ ತಪ್ಪುತ್ತದೆ, ಆಮೇಲೆ ಅಲೆಯೇ ದಂಡೆಗೆ ತರುತ್ತದೆ. ಈಜಲಾಗದಿದ್ದರೆ ತೇಲುತ್ತ ಕೈಯೆತ್ತಿ ಕೂಗಬೇಕು. ದಂಡೆಯ ಮೇಲಿದ್ದವರು ಹಿಂದೆ ಹಾರದೆ ಹಗ್ಗ, ಖಾಲಿ ಕ್ಯಾನು, ಏನಾದರೂ ತೇಲುವಂಥದ್ದನ್ನು ಎಸೆಯಬೇಕು.

ಮದುವೆಯ ಕೆಲಸ ಹಂಚುವಾಗ ಬಡಿಸುವವರು ಯಾರು, ಬೀಗರನ್ನು ನೋಡಿಕೊಳ್ಳುವವರು ಯಾರು ಎಂದು ಬರೆಯುವಂತೆ, ನೀರಿನ ಕಡೆ ನೋಡುವವರು ಯಾರು ಎಂದು ಇಬ್ಬರ ಹೆಸರು ಬರೆಯಬೇಕು. ಅವರಿಗೆ ಬೇರೆ ಯಾವ ಕೆಲಸವನ್ನೂ ಒಪ್ಪಿಸಬಾರದು, ಫೋಟೋಕ್ಕೂ ಕರೆಯಬಾರದು. ಜೀವರಕ್ಷಕರಿಲ್ಲದ ದಂಡೆಯನ್ನು ಪಟ್ಟಿಯಿಂದ ಮೊದಲೇ ತೆಗೆದುಹಾಕಬೇಕು.

ಹತ್ತಿರದ ನೀರು

ನೀರ ದಂಡೆಯೇ ಬೇಕೆನ್ನುವವರಿಗೆ ಇಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಕೃಷ್ಣೆಯೂ ಮಲಪ್ರಭೆಯೂ ಕೂಡುವ ಕೂಡಲಸಂಗಮದಲ್ಲಿ ವಸತಿ, ಸಭಾಭವನಗಳಿವೆ. ಬಸವಣ್ಣನವರು ಐಕ್ಯರಾದ ಜಾಗವೆಂಬ ಹಿರಿಮೆ ಬೇರೆ. ಬೀಳಗಿ ತಾಲ್ಲೂಕಿನಲ್ಲಿ ಘಟಪ್ರಭೆ ಕೃಷ್ಣೆಗೆ ಸೇರುವ ಚಿಕ್ಕಸಂಗಮದ ಸುತ್ತ ಆಲಮಟ್ಟಿಯ ಹಿನ್ನೀರು ಕಣ್ಣು ಹಾಯುವವರೆಗೆ ಹರಡಿಕೊಂಡಿರುತ್ತದೆ. ಚಳಿಗಾಲದಲ್ಲಿ ರಾಜಹಂಸಗಳೂ ಬಂದಿಳಿಯುತ್ತವೆ. ಸಂಜೆಯ ಸೂರ್ಯ ಅಲ್ಲಿಯೂ ನೀರಲ್ಲೇ ಮುಳುಗುತ್ತಾನೆ. ಅಜ್ಜಿಯನ್ನು ಕಾರಿನಲ್ಲಿ ಕೂಡಿಸಿಕೊಂಡು ಹೋಗಿ ರಾತ್ರಿಯೊಳಗೆ ಮನೆಗೆ ಕರೆತರಬಹುದು. ಹಿನ್ನೀರಿನಂಚಿನ ಸ್ವಾಧೀನವಾದ ನೆಲದಲ್ಲಿ ಹಂದರ ಹಾಕಲು ಅಲ್ಲಿಯೂ ಅಪ್ಪಣೆ ಬೇಕು. ಗಾಳಿಯ ಲೆಕ್ಕ ಅಲ್ಲಿಯೂ ತಪ್ಪದು.

ಉಬ್ಬರದ ಲೆಕ್ಕ ಮಾತ್ರ ಅಲ್ಲಿಲ್ಲ. ಚಂದ್ರನ ಸೆಳೆತ ಕಣ್ಣಿಗೆ ಕಾಣುವಷ್ಟು ಏರುಪೇರು ಮಾಡಲು ಆ ನೀರಿನ ಹರಹು ಸಾಲದು. ೫೧೯.೬ ಮೀಟರಿನ ಮಟ್ಟಕ್ಕೆ ತುಂಬಿದ ನೀರು ಅಲ್ಲಿ ಇಳಿಯುವುದು ಕಾಲುವೆಗೆ ಬಿಟ್ಟಾಗ, ಬಿಸಿಲಿಗೆ ಆರಿದಾಗ. ಆದ್ದರಿಂದ ಅಲ್ಲಿ ಹಂದರ ಹಾಕುವವರು ತಿಥಿಗಿಂತ ತಿಂಗಳನ್ನು ನೋಡಬೇಕು. ಕಾರ್ತಿಕ, ಮಾರ್ಗಶಿರಗಳಲ್ಲಿ ನೀರು ಹತ್ತಿರ ಇರುತ್ತದೆ. ಚೈತ್ರ, ವೈಶಾಖಕ್ಕೆ ಮುಹೂರ್ತ ಇಟ್ಟರೆ ನೀರು ಮುಟ್ಟಲು ಬಿರುಕು ಬಿಟ್ಟ ಎರೆ, ಅದರಾಚೆ ಮೊಣಕಾಲುದ್ದ ಕೆಸರು ದಾಟಬೇಕಾಗುತ್ತದೆ.